ಮಡಚಿ ಬಿಚ್ಚಿದ ಅಂಗಿ

ಜೂನ್ ೪

ಮರೀ,

ಫೋನಿನಲ್ಲಿ ನಾನು ನಿನ್ನ ಮಾತನ್ನು ಅರ್ಧಕ್ಕೇ ಕತ್ತರಿಸುತ್ತೇನೆ ಎಂಬುದು ನಿನ್ನ ಹಳೆಯ ದೂರು. ಕಳೆದ ವಾರವೂ ಹಾಗೇ ಆಯಿತು. ನೀನು ಏನೋ ಹೇಳಲು ಹೊರಟೆ, ನಾನು ನಡುವೆ ಬಾಯಿ ಹಾಕಿದೆ, ನೀನು "ಆಯ್ತು ಬಿಡಿ ಅಪ್ಪ, ಇಡ್ತೀನಿ" ಅಂದೆ. ಅದಕ್ಕೇ ಈ ಕಾಗದ. ಕಾಗದಕ್ಕೆ 'ಕಟ್' ಹೇಳಲು ಬರುವುದಿಲ್ಲ. ನೀನೂ ಬರೆ. ನಾನು ಕೊನೆಯವರೆಗೂ ಓದಲೇಬೇಕಾಗುತ್ತದೆ.

ನಮ್ಮ ಅಭಿನಯ ಶಾಲೆ ಹೊಸ ಜಾಗಕ್ಕೆ ಬಂದಿದೆ. ಕೆಳಗೆ ಡ್ರೈವಿಂಗ್ ಶಾಲೆ, ಮೇಲೆ ನಾವು. ಇಬ್ಬರಿಗೂ ಮೆಟ್ಟಿಲು ಒಂದೇ. ಕಾರು ಹಿಂದಕ್ಕೆ ತೆಗೆಯುವುದನ್ನು ಕಲಿಯಲು ಬಂದವನೊಬ್ಬ ದಾರಿ ತಪ್ಪಿ ಮೇಲೆ ಹತ್ತಿದ. ನಾನು "ಕೋಪದಿಂದ ಹಿಂದೆ ಸರಿ" ಅಂದೆ, ಸರಿದ. ಈಗ ಅವನೇ ನಮ್ಮ ಖಳನಾಯಕ. ನನ್ನ ವಿದ್ಯಾರ್ಥಿಯೊಬ್ಬ ಹಾಗೇ ಕೆಳಗೆ ಹೋಗಿ ಲೈಸೆನ್ಸ್ ಮಾಡಿಸಿಕೊಂಡ. ಇಬ್ಬರಲ್ಲಿ ಮೊದಲು ಕೆಲಸ ಸಿಕ್ಕಿದ್ದು ಅವನಿಗೆ.

ಮೊದಲ ದಿನ ಯಾರೋ ಕೇಳಿದರು: "ಸರ್, ನೀವು ಎಷ್ಟು ಸಿನಿಮಾ ಡೈರೆಕ್ಟ್ ಮಾಡಿದೀರ?"

"ನಾಲ್ಕು. ಮೊದಲನೇದು ಓಡ್ತು, ಎರಡನೇದು ನಡೀತು, ಮೂರನೇದು ಕೂತ್ಕೊಂತು, ನಾಲ್ಕನೇದು ಮಲಗಿದ್ದು ಇನ್ನೂ ಎದ್ದಿಲ್ಲ."

ಎಲ್ಲರೂ ನಕ್ಕರು. ಆಮೇಲೆ ಧಾರಾವಾಹಿಗಳ ಕಾಲದ ಕಥೆ ಹೇಳಿದೆ. ಒಂದು ಬಾಗಿಲು ತೆರೆಯುವುದಕ್ಕೆ ಮೂರು ಕಂತು ಎಳೆದದ್ದು, ಹಲ್ಲುಪುಡಿಯ ಜಾಹೀರಾತಿನಲ್ಲಿ ಹಲ್ಲಿಲ್ಲದ ಮುದುಕನನ್ನು ನಗಿಸಿದ್ದು. ವಾಹಿನಿಯವರು ನನ್ನನ್ನು ಕರೆಯುವುದು ನಿಲ್ಲಿಸಿ ಎಷ್ಟು ಕಾಲವಾಯಿತು ಎಂಬುದನ್ನು ಮಾತ್ರ ಹೇಳಲಿಲ್ಲ.

ಈ ಸಲದ ಗುಂಪಿನಲ್ಲಿ ಒಬ್ಬ ಹುಡುಗಿ ಇದ್ದಾಳೆ. ನಾನು ಇಟ್ಟ ಹೆಸರು ಗುಬ್ಬಿ. ದನಿ ಎರಡನೆಯ ಸಾಲನ್ನು ದಾಟುವುದಿಲ್ಲ. "ಗುಬ್ಬೀ, ಜೋರಾಗಿ!" ಎಂದು ಕೂಗಿ ಕೂಗಿ ನನ್ನ ಗಂಟಲು ಹೋಗಿದೆ.

ನೀನು ಹೇಗಿದ್ದೀಯ? ಅಳಿಯ ಹೇಗಿದ್ದಾನೆ?

ನಿನ್ನ ಅಪ್ಪ


ಜೂನ್ ೧೯

ಅಪ್ಪಾ,

ಅಳಿಯ ಹೇಗಿದ್ದಾನೆ ಎಂದು ಕೇಳಿದ್ದೀರಿ. ಅವತ್ತು ಫೋನಿನಲ್ಲಿ ಅದನ್ನೇ ಹೇಳಲು ಹೊರಟಿದ್ದೆ. ನಾವಿಬ್ಬರೂ ಬೇರೆಯಾಗುತ್ತಿದ್ದೇವೆ.

ಜಗಳವಿಲ್ಲ. ಇದ್ದಿದ್ದರೆ ನಿಮಗೆ ವಿವರಿಸುವುದು ಸುಲಭವಾಗುತ್ತಿತ್ತು. ಅವನಿಗೆ ಬೇರೆ ಊರಿನಲ್ಲಿ ಕೆಲಸ ಸಿಕ್ಕಿತು, ನಾನು ಬರುವುದಿಲ್ಲ ಅಂದೆ, ಅವನು ಸರಿ ಅಂದ. ಅಷ್ಟು ಸುಲಭವಾಗಿ ಸರಿ ಅಂದನಲ್ಲ ಎಂದು ನನಗೆ ನೋವಾಯಿತು. ಅಷ್ಟು ಸುಲಭವಾಗಿ ಬರುವುದಿಲ್ಲ ಅಂದಳಲ್ಲ ಎಂದು ಅವನಿಗೂ ಆಗಿರಬೇಕು. ಅವನು ಹೊರಡುವವರೆಗೆ ಒಂದೇ ಮನೆಯಲ್ಲಿದ್ದೇವೆ. ಹಿಂದೆಂದೂ ಇಲ್ಲದಷ್ಟು ಮರ್ಯಾದೆ ಬಂದುಬಿಟ್ಟಿದೆ. ಉಪ್ಪು ಸರಿಸಿಕೊಟ್ಟರೆ ಥ್ಯಾಂಕ್ಸ್ ಅನ್ನುತ್ತಾನೆ.

ಮೊನ್ನೆ ಒಣಗಿದ ಬಟ್ಟೆ ತಂದು ಮಂಚದ ತುದಿಯಲ್ಲಿ ಕೂತು ಮಡಚುತ್ತಿದ್ದೆ. ನಡುವೆ ಅವನ ಅಂಗಿ ಕೈಗೆ ಬಂತು, ಅದನ್ನೂ ಮಡಚಿದೆ. ಮಡಚಿ ಆದಮೇಲೆ ನೆನಪಾಯಿತು, ಇನ್ನು ಅವರವರ ಬಟ್ಟೆ ಅವರವರದು ಎಂದು ಮಾತಾಗಿದೆ. ಬಿಚ್ಚಿದೆ, ಕೊಡವಿದೆ, ಕುರ್ಚಿಯ ಮೇಲಿದ್ದ ಅವನ ಬಟ್ಟೆಯ ಗುಡ್ಡೆಗೆ ಹಾಕಿದೆ. ಮಡಿಕೆಯ ಗೆರೆ ಕಾಣುತ್ತಿತ್ತು. ಮತ್ತೆ ತೆಗೆದು ಮುದ್ದೆ ಮಾಡಿದೆ. ಅಂಗಿ ಮಡಚುವುದು ಸುಲಭ ಅಪ್ಪ. ಯಾರೂ ಮುಟ್ಟಿಯೇ ಇಲ್ಲ ಅನ್ನುವ ಹಾಗೆ ಮುದ್ದೆ ಮಾಡುವುದು ಬಹಳ ಕಷ್ಟ.

ಆಸ್ಪತ್ರೆಯಲ್ಲಿ ಕೆಲಸ ಎಂದಿನಂತೆ. ಗಾಜಿನ ಆಚೆ ಒಬ್ಬರು ಕಿವಿಗೆ ಹೆಡ್‌ಫೋನ್ ಹಾಕಿ ಕೂರುತ್ತಾರೆ, ಈಚೆಯಿಂದ ನಾನು ಸಣ್ಣ ಸಣ್ಣ ಸದ್ದು ಕಳಿಸುತ್ತೇನೆ, ಕೇಳಿಸಿದರೆ ಅವರು ಕೈ ಎತ್ತಬೇಕು. ನಡುನಡುವೆ ಬೇಕೆಂದೇ ಏನೂ ಕಳಿಸದೆ ಸುಮ್ಮನಿರುತ್ತೇನೆ. ಬಹಳ ಜನ ಆಗಲೂ ಕೈ ಎತ್ತುತ್ತಾರೆ. ಕಿವುಡು ಎನ್ನಿಸಿಕೊಳ್ಳುವ ಭಯ. ಅವರ ಮೇಲೆ ನನಗೆ ಸಿಟ್ಟು ಬರುವುದಿಲ್ಲ.

ಮರಿ


ಜೂನ್ ೨೬

ಮರೀ,

ನಿನ್ನ ಕಾಗದ ಎರಡು ಸಲ ಓದಿದೆ. ಇಂಥ ಹೊತ್ತಿನಲ್ಲಿ ಅಪ್ಪನಾದವನು ಏನು ಹೇಳಬೇಕು? ಧಾರಾವಾಹಿಗಳಲ್ಲಿ ಇಂಥ ಅಪ್ಪಂದಿರಿಗೆ ಉದ್ದುದ್ದ ಮಾತು ಬರೆಸಿದ್ದೇನೆ. ಒಂದೂ ನೆನಪಾಗುತ್ತಿಲ್ಲ. ನೆನಪಾದರೂ ನಿನಗೆ ಹೇಳಲು ನಾಚಿಕೆ.

ಆ ಅಂಗಿಯದು ಮಾತ್ರ ಮನಸ್ಸಿನಿಂದ ಹೋಗುತ್ತಿಲ್ಲ. ಯಾವ ಬಣ್ಣದ ಅಂಗಿ? ಮಡಚುವಾಗ ಕಾಲರಿನ ಗುಂಡಿ ಹಾಕಿದೆಯಾ? ಬಿಚ್ಚುವಾಗ ಬಾಗಿಲ ಕಡೆ ನೋಡಿದೆಯಾ? ಅವನು ಆಗ ಎಲ್ಲಿದ್ದ? ಬೆಳಕು ಯಾವ ಕಡೆಯಿಂದ ಬರುತ್ತಿತ್ತು? ಮುದ್ದೆ ಮಾಡಿದ ಮೇಲೆ ಕೈಗಳನ್ನು ಏನು ಮಾಡಿದೆ?

ಸಣ್ಣ ವಿಷಯ ಎಂದು ಬಿಡಬೇಡ. ಬರೆ.

ನಿನ್ನ ಅಪ್ಪ


ಜುಲೈ ೮

ಅಪ್ಪಾ,

ನಿಮ್ಮ ಕಾಗದ ಓದಿ ಅತ್ತುಬಿಟ್ಟೆ. ಇಷ್ಟು ಪ್ರಶ್ನೆಗಳನ್ನು ನೀವು ನನ್ನನ್ನು ಯಾವತ್ತು ಕೇಳಿದ್ದೀರಿ? ನಾನು ಎಷ್ಟನೇ ಕ್ಲಾಸು ಎಂಬುದೂ ನಿಮಗೆ ಗೊತ್ತಿರುತ್ತಿರಲಿಲ್ಲ. ಕೈ ತೊಳೆಯುವುದು ಹೇಗೆ ಎಂಬ ಆರೋಗ್ಯ ಇಲಾಖೆಯ ಚಿತ್ರಕ್ಕೆ ನನ್ನ ಕೈ ಬೇಕಾಗಿತ್ತಲ್ಲ, ಆಗ ಅಮ್ಮನನ್ನು "ಇವಳು ಉಗುರೆಲ್ಲ ಯಾಕೆ ಹೀಗೆ ಕಚ್ಚಿಕೊಂಡಿದಾಳೆ?" ಎಂದು ಕೇಳಿದಿರಿ. ನನ್ನನ್ನು ಕೇಳಲಿಲ್ಲ.

ಇಲ್ಲಿ ವಿಷಯ ತಿಳಿದವರೆಲ್ಲ ತಪ್ಪು ಯಾರದು ಎಂದು ಕೇಳುತ್ತಾರೆ. ನೀವೊಬ್ಬರೇ ಅಂಗಿಯ ಬಣ್ಣ ಕೇಳಿದ್ದು.

ತಿಳಿನೀಲಿ. ಜೇಬಿನ ಕೆಳಗೆ ಶಾಯಿಯ ಕಲೆ ಇದೆ. ಅವನ ಕೆಲಸದ ಮೊದಲ ದಿನ ಪೆನ್ನು ಸೋರಿ ಆದದ್ದು, ಅದನ್ನು ತೆಗೆಯಲು ನಾನು ಏನೇನೋ ಹಚ್ಚಿ ಕಲೆಯನ್ನು ಇನ್ನಷ್ಟು ಅಗಲ ಮಾಡಿದ್ದೆ. ಕಾಲರಿನ ಗುಂಡಿ ಹಾಕಿದ್ದೆ. ಮತ್ತೆ ಅದನ್ನೇ ಬಿಚ್ಚಲು ಆಗಲಿಲ್ಲ, ಉಗುರಿಲ್ಲವಲ್ಲ, ಹಲ್ಲಿನಿಂದ ಬಿಚ್ಚಿದೆ. ಬಾಗಿಲ ಕಡೆ ನೋಡಿದೆ, ಹೌದು. ಅವನು ಅಡುಗೆಮನೆಯಲ್ಲಿ ಲೋಟ ತೊಳೆಯುತ್ತಿದ್ದ. ತನ್ನದೊಂದೇ ಲೋಟ. ಬೆಳಕು ಬೆನ್ನ ಹಿಂದಿನಿಂದ. ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತೆ, ಚಿಕ್ಕವಳಿದ್ದಾಗ ಉಗುರು ಕಚ್ಚಬಾರದೆಂದು ಅಮ್ಮ ಕೂರಿಸುತ್ತಿದ್ದಳಲ್ಲ, ಹಾಗೆ.

ಇಷ್ಟು ಬರೆದಮೇಲೆ ಏನೋ ಒಂದು ನೆಟ್ಟಗಾದಂತಿದೆ. ಮತ್ತೆ ಕೇಳಿ.

ಮರಿ


ಜುಲೈ ೩೦

ಮರೀ,

ತಡವಾಯಿತು. ಶಾಲೆಯಲ್ಲಿ ಉಸಿರಾಡಲು ಬಿಡುವಿಲ್ಲ. ನವೆಂಬರ್ ಮೊದಲ ವಾರ ವಿದ್ಯಾರ್ಥಿಗಳ ಪ್ರದರ್ಶನ.

ಒಂದು ಸೋಜಿಗ ನಡೆಯಿತು. ಗುಬ್ಬಿಗೆ ಮಾತು ಒಗ್ಗುವುದಿಲ್ಲವೆಂದು ಮಾತೇ ಇಲ್ಲದ ಒಂದು ತುಣುಕು ಕೊಟ್ಟೆ. ಕೈಗಳದೇ ಕೆಲಸ. ಮೊದಮೊದಲು ಏನೂ ಹುಟ್ಟಲಿಲ್ಲ. ಆಮೇಲೆ ಒಂದು ಮಧ್ಯಾಹ್ನ ಹುಟ್ಟಿತು. ನಮ್ಮ ಖಳನಾಯಕ ಮೂಗು ಒರೆಸಿಕೊಂಡು ಕಿಟಕಿಯ ಹತ್ತಿರ ಹೋಗಿ ನಿಂತ. ಎಲ್ಲಿಯದು ಸರ್ ಇದು ಎಂದು ಕೇಳಿದರು. ಯಾರೋ ಬರೆದದ್ದು ಅಂದೆ.

ನನ್ನ ಹಳೆಯ ಸಹಾಯಕ, ಹೊರಾಂಗಣ ಚಿತ್ರೀಕರಣದಲ್ಲಿ ನನಗೆ ಕೊಡೆ ಹಿಡಿಯುತ್ತಿದ್ದವನು, ಈಗ ವಾಹಿನಿಯಲ್ಲಿ ದೊಡ್ಡ ಕುರ್ಚಿಯಲ್ಲಿದ್ದಾನೆ. ಹೇಗೋ ಸುದ್ದಿ ಮುಟ್ಟಿ ಬಂದು ನೋಡಿದ. "ಸರ್, ಇದನ್ನ ಮಾಡೋಣ. ನೀವೇ ಮಾಡ್ಬೇಕು. ಇನ್ನೂ ಒಂದೆರಡು ಇಂಥ ದೃಶ್ಯ ಇದ್ರೆ ಸಾಕು" ಅಂದ. ನೋಡೋಣ ಅಂದೆ. ಅವನು ಮೆಟ್ಟಿಲಿಳಿಯುವಷ್ಟರಲ್ಲಿ ದೃಶ್ಯಗಳ ಪಟ್ಟಿ ಬರೆಯಲು ಕೂತಿದ್ದೆ. ಅಪ್ಪನಿಗೆ ಈ ವಯಸ್ಸಿನಲ್ಲೂ ಆಸೆ ಎಂದು ನಗಬೇಡ.

ಅವನು ಹೊರಡುವುದು ಯಾವಾಗ? ಹೋದಮೇಲೆ ಬರೆ. ಹೇಗೆ ಹೋದ, ಏನಂದ, ಎಲ್ಲ. ಬರೆದರೆ ಮನಸ್ಸು ಹಗುರವಾಗುತ್ತದೆ ಅನ್ನುತ್ತಾರೆ.

ನಿನ್ನ ಅಪ್ಪ


ಆಗಸ್ಟ್ ೧೭

ಅಪ್ಪಾ,

ನಿಮ್ಮ ಸುದ್ದಿ ಕೇಳಿ ಖುಷಿಯಾಯಿತು. ನಗಲಿಲ್ಲ. ಮಾಡಿ.

ಅವನು ಭಾನುವಾರ ಹೋದ.

ಪೆಟ್ಟಿಗೆಗಳೆಲ್ಲ ಮೊದಲೇ ಇಳಿದಿದ್ದವು. ಕೊನೆಯ ಸಲ ಮೇಲೆ ಬಂದು ಬಾಗಿಲಲ್ಲಿ ನಿಂತ. ಒಂದು ಕೈಯಲ್ಲಿ ಚೀಲ, ಇನ್ನೊಂದರಲ್ಲಿ ಮೇಜಿನ ದೀಪ. ದೀಪದ ವೈರು ನೆಲದ ಮೇಲೆ ಎಳೆಯುತ್ತಿತ್ತು. ಎಡಗಾಲಿನ ಬೂಟಿನ ದಾರ ಬಿಚ್ಚಿಕೊಂಡಿತ್ತು, ಎರಡು ಕೈಯೂ ತುಂಬಿದ್ದರಿಂದ ಕಟ್ಟಿಕೊಳ್ಳುವಂತಿರಲಿಲ್ಲ. "ಸರಿ ಹಾಗಾದ್ರೆ" ಅಂದ. ಅಂದವನು ಹೋಗಲಿಲ್ಲ. ನಿಂತೇ ಇದ್ದ.

ನಾನು ಏನಾದರೂ ಹೇಳಲಿ ಎಂದು ಕಾಯುತ್ತಿದ್ದ ಎಂದು ಈಗ ಅನ್ನಿಸುತ್ತದೆ. ಆಗ ನಾನೇನು ಮಾಡುತ್ತಿದ್ದೆ ಗೊತ್ತಾ? ದಾರ ಕಂದು ಬಣ್ಣದ್ದು, ಬೂಟು ಕಪ್ಪು, ಅಂದರೆ ಹಳೆಯ ದಾರ ಹರಿದು ಬೇರೆ ಹಾಕಿದ್ದಾನೆ, ನನಗೆ ಗೊತ್ತೇ ಆಗಿಲ್ಲ, ಇದನ್ನು ಅಪ್ಪನಿಗೆ ಬರೆಯಬೇಕು, ಅವರು ಕೇಳುತ್ತಾರೆ ಎಂದುಕೊಳ್ಳುತ್ತಿದ್ದೆ. ಅಷ್ಟು ನೋಡಿ ಮುಗಿಸುವಷ್ಟರಲ್ಲಿ ಅವನು ಮೆಟ್ಟಿಲಿಳಿದಾಗಿತ್ತು. ವೈರು ಮೆಟ್ಟಿಲಿಗೆ ಬಡಿಯುವ ಸದ್ದು ಕೆಳಗಿನವರೆಗೂ ಕೇಳಿಸಿತು.

ದಾರ ಬಿಚ್ಚಿದೆ, ಎಡವುತ್ತೀಯ ಎಂದಾದರೂ ಹೇಳಬಹುದಿತ್ತು. ಅಷ್ಟು ಹೇಳಿದ್ದರೆ ದೀಪ ಕೆಳಗಿಡುತ್ತಿದ್ದ.

ಇದನ್ನು ಯಾರಿಗೂ ಹೇಳಿಲ್ಲ. ನಿಮಗೆ ಮಾತ್ರ.

ಮರಿ


ಆಗಸ್ಟ್ ೨೪

ಮರೀ,

ಓದಿದೆ. 

ಬಸ್ಸು ಹತ್ತಿ ಬಂದುಬಿಡಬೇಕು ಅನ್ನಿಸಿತು. ಪ್ರದರ್ಶನದ ಕೆಲಸ ಕಾಲಿಗೆ ಸುತ್ತಿಕೊಂಡಿದೆ. ಮುಂದಿನ ತಿಂಗಳು ಖಂಡಿತ ಬರುತ್ತೇನೆ. ನಿನಗೆ ಒಂದು ಮಾತು ಹೇಳುವುದಿದೆ. ಎದುರಿಗೇ ಹೇಳುತ್ತೇನೆ. ಕೆಟ್ಟ ಮಾತೇನಲ್ಲ ಎಂದುಕೊಂಡಿದ್ದೇನೆ.

ಹೊತ್ತಿಗೆ ಸರಿಯಾಗಿ ಊಟ ಮಾಡು.

ನಿನ್ನ ಅಪ್ಪ


ಸೆಪ್ಟೆಂಬರ್ ೫

ಮಾನ್ಯ ಮೇಡಂ,

ನಾನು ಯಾರೆಂದು ನಿಮಗೆ ಗೊತ್ತಿಲ್ಲ. ಅಭಿನಯ ಶಾಲೆಯ ವಿದ್ಯಾರ್ಥಿನಿ. ನಮ್ಮ ಸರ್ ನನ್ನನ್ನು ಗುಬ್ಬಿ ಅನ್ನುತ್ತಾರೆ. ಈಗ ಎಲ್ಲರೂ ಹಾಗೇ ಅನ್ನುತ್ತಾರೆ, ನಮ್ಮಮ್ಮ ಕೂಡ.

ನೀವು ಬರೆದ ಅಂಗಿಯ ದೃಶ್ಯವನ್ನು ಮಾಡುತ್ತಿರುವವಳು ನಾನೇ. ಸರ್ ಕೊಟ್ಟ ಜೆರಾಕ್ಸಿನಲ್ಲಿ ಮೇಲೂ ಕೆಳಗೂ ನಡುನಡುವೆಯೂ ಬಿಳಿ ಪಟ್ಟಿ ಇಟ್ಟು ಮುಚ್ಚಿದ್ದರು, ಬರೆದವರ ಹೆಸರು ಕೇಳಿದರೆ ಹೇಳಲಿಲ್ಲ. ಹೋದ ತಿಂಗಳು ಕೆಳಗಿನ ಡ್ರೈವಿಂಗ್ ಶಾಲೆಯವರು ನಮ್ಮ ಟಪಾಲನ್ನು ನನ್ನ ಕೈಗೆ ಕೊಟ್ಟಾಗ ಒಂದು ಲಕೋಟೆಯ ಮೇಲೆ ಅದೇ ಎಡಕ್ಕೆ ವಾಲಿದ ಅಕ್ಷರ ಕಂಡಿತು. ಹಿಂದೆ ವಿಳಾಸವಿತ್ತು. ಬರೆದುಕೊಂಡೆ. ತಪ್ಪು ಮಾಡಿದ್ದರೆ ಬಯ್ಯಿರಿ.

ನೀವು ಕಥೆ ಬರೆಯುವವರು ಎಂದುಕೊಂಡಿದ್ದೇನೆ. ಎಷ್ಟು ಚೆನ್ನಾಗಿ ಬರೆಯುತ್ತೀರಿ! ನಾನು ನಮ್ಮಪ್ಪನ ಅಂಗಿಗಳಲ್ಲಿ ಅಭ್ಯಾಸ ಮಾಡುತ್ತೇನೆ. ಮನೆಯಲ್ಲಿ ಒಂದೂ ನೆಟ್ಟಗಿರುವ ಅಂಗಿ ಉಳಿದಿಲ್ಲ. "ನೀನು ನಟಿಯಾಗೋದ್ರೊಳಗೆ ನಾನು ಬರಿಮೈಯಲ್ಲಿ ಆಫೀಸಿಗೆ ಹೋಗ್ಬೇಕಾಗುತ್ತೆ" ಅನ್ನುತ್ತಾರೆ ಅಪ್ಪ. ಕಳೆದ ವಾರ ಸರ್ ಎರಡನೆಯ ಭಾಗವನ್ನೂ ಕೊಟ್ಟರು, ಬಾಗಿಲು ಮತ್ತು ಬೂಟಿನ ದಾರದ್ದು. ಓದಿ ನನಗೆ ಊಟ ಸೇರಲಿಲ್ಲ.

ನನಗೊಂದು ಅನುಮಾನ ಇದೆ. ಅವಳಿಗೆ ಅವನು ವಾಪಸು ಬರಲಿ ಅಂತ ಇದೆಯಾ, ಇಲ್ಲವಾ? ಸರ್ ಹತ್ತಿರ ಕೇಳಿದೆ. "ಅದು ಬರೆದವರ ತಲೆನೋವು, ನೀನು ನಿನ್ನ ಕೈ ನೋಡಿಕೋ" ಎಂದು ಗದರಿದರು. ಆದರೆ ಅದು ಗೊತ್ತಾಗದೆ ಕೈಗಳನ್ನು ಹೇಗೆ ಆಡಿಸಲಿ? ಯಾರಿಗೂ ಹೇಳುವುದಿಲ್ಲ, ನನಗೆ ಮಾತ್ರ ಹೇಳಿ. ಅಕ್ಕ ಅನ್ನಬಹುದಾ?

ನಿಮ್ಮ ವಿಧೇಯ,
ಗುಬ್ಬಿ


ಸೆಪ್ಟೆಂಬರ್ ೨೦

ಮರೀ,

ಕಾಗದವೇ ಇಲ್ಲ. ಫೋನು ಎತ್ತುವುದಿಲ್ಲ. ಹುಷಾರಾಗಿದ್ದೀಯ ತಾನೆ? ನಡುವೆ ಎರಡು ಚೀಟಿ ಹಾಕಿದ್ದೆ, ಸಿಕ್ಕಿದವೇ? ಖಾಲಿ ಮನೆಯಲ್ಲಿ ಮೊದಲ ದಿನ ಹೇಗಿತ್ತು, ಬರೆ.

ನಿನ್ನ ಅಪ್ಪ


ಸೆಪ್ಟೆಂಬರ್ ೨೭

ಅಪ್ಪಾ,

ಗುಬ್ಬಿ ನನಗೆ ಕಾಗದ ಬರೆದಿದ್ದಾಳೆ. ಅವಳನ್ನು ಬಯ್ಯಬೇಡಿ. ನಾನು ಕಥೆಗಾರ್ತಿ ಎಂದು ತಿಳಿದು ಮೆಚ್ಚಿ ಬರೆದಿದ್ದಾಳೆ.

ನೀವು ಜೆರಾಕ್ಸ್ ಅಂಗಡಿಯಲ್ಲಿ ನಿಂತು 'ಅಪ್ಪಾ' ಎನ್ನುವುದರ ಮೇಲೆ ಒಂದು ಬಿಳಿ ಪಟ್ಟಿ, 'ಮರಿ' ಎನ್ನುವುದರ ಮೇಲೆ ಒಂದು ಪಟ್ಟಿ ಸರಿಯಾಗಿ ಕೂರಿಸುತ್ತಿರುವುದು ನನ್ನ ಕಣ್ಣಿಗೆ ಕಟ್ಟಿದೆ. ಚೌಕಟ್ಟಿನ ವಿಷಯದಲ್ಲಿ ನೀವು ಯಾವಾಗಲೂ ಅಚ್ಚುಕಟ್ಟು.

ಅಮ್ಮ ತೀರಿಹೋದ ಬೆಳಿಗ್ಗೆ ಕಿಟಕಿಯ ಪರದೆಯನ್ನು ಅರ್ಧ ಸರಿಸಿದಿರಿ. ಗಾಳಿಗೆ ಎಂದುಕೊಂಡರು ಎಲ್ಲರೂ. ಮುಂದೆ ನಿಮ್ಮ ಧಾರಾವಾಹಿಯಲ್ಲಿ ಯಾರೋ ಸತ್ತಾಗ ಪರದೆ ಅಷ್ಟೇ ಸರಿದಿತ್ತು, ಬೆಳಕು ಅದೇ ಕೆನ್ನೆಯ ಮೇಲಿತ್ತು. ಊರೆಲ್ಲ ಅತ್ತಿತು. ನಾನು ಟಿವಿ ಆರಿಸಿದೆ. ನಿಮಗೆ ಹೇಳಲಿಲ್ಲ.

ಅಂಗಿಯ ಬಣ್ಣ ಕೇಳಿದಾಗ, ಕೊನೆಗೂ ನನ್ನನ್ನು ಕೇಳುತ್ತಿದ್ದೀರಿ ಎಂದುಕೊಂಡುಬಿಟ್ಟೆ. ನನ್ನದೇ ದಡ್ಡತನ. ಆದರೆ ನನ್ನ ನಿದ್ದೆ ಕೆಡಿಸುತ್ತಿರುವುದು ಅದೂ ಅಲ್ಲ. ಅವನು ಬಾಗಿಲಲ್ಲಿ ನಿಂತಾಗ ನಾನು ನಿಮ್ಮ ಸಹಾಯಕಿಯಾಗಿ ನಿಂತಿದ್ದೆ. ಒಬ್ಬ ಮನುಷ್ಯ ನನ್ನ ಮಾತಿಗೆ ಕಾಯುತ್ತಿದ್ದ, ನಾನು ನಿಮಗಾಗಿ ದಾರದ ಬಣ್ಣ ಬರೆದುಕೊಳ್ಳುತ್ತಿದ್ದೆ. ಅದರಲ್ಲಿ ನಿಮ್ಮ ತಪ್ಪೆಷ್ಟು ನನ್ನದೆಷ್ಟು ಎಂದು ನನಗೆ ಬಿಡಿಸಲು ಬರುತ್ತಿಲ್ಲ.

ಖಾಲಿ ಮನೆಯಲ್ಲಿ ಮೊದಲ ದಿನ ಹೇಗಿತ್ತು ಎಂದು ಕೇಳಿದ್ದೀರಿ. ಅದನ್ನು ಬರೆಯುವುದಿಲ್ಲ. ಇನ್ನು ಯಾವುದನ್ನೂ ಬರೆಯುವುದಿಲ್ಲ.

ನಿಮ್ಮ ಮಗಳು


ಅಕ್ಟೋಬರ್ ೪

ಮರೀ,

ನಿನ್ನ ಹೆಸರು ಎಲ್ಲೂ ಹೊರಬಿದ್ದಿಲ್ಲ. ಊರು, ಆಸ್ಪತ್ರೆ, ಏನೂ ಇಲ್ಲ. ನನ್ನ ಜಾಗದಲ್ಲಿ ಯಾರಿದ್ದರೂ ಇದನ್ನೇ ಮಾಡುತ್ತಿದ್ದರು. ನಮ್ಮ ಕಸುಬೇ ಇದು. ಗಾಳಿಯಿಂದ ಯಾರೂ ದೃಶ್ಯ ಹುಟ್ಟಿಸುವುದಿಲ್ಲ, ಕಂಡವರ ಮನೆಯಿಂದಲೇ ತರಬೇಕು. ನನ್ನ ಮೊದಲ ಚಿತ್ರದ ನಾಯಕಿಯ ನಗು ನಿನ್ನ ಸೋದರತ್ತೆಯದು, ಬಾಯಿಗೆ ಕೈ ಅಡ್ಡ ಹಿಡಿದು, ಆಮೇಲೆ ಕೈ ತೆಗೆದು. ಜನ ಅದನ್ನು ಅನುಕರಿಸಿ ನಗುತ್ತಿದ್ದರು. ಅವಳೇನೂ ನನ್ನನ್ನು ದೂರಲಿಲ್ಲ. ನನ್ನ ಮುಂದೆ ನಗುವುದನ್ನು ಬಿಟ್ಟಳು, ಅಷ್ಟೇ.

ಅಷ್ಟೇ ಎಂದು ಬರೆದೆ, ನೋಡು. ಇಷ್ಟು ವರ್ಷ ಅವಳಿಗೆ ವಯಸ್ಸಾಯಿತು, ಅದಕ್ಕೆ ನಗುವುದಿಲ್ಲ ಎಂದುಕೊಂಡಿದ್ದೆ.

ಮುಂದೆ ವಾದ ಮಾಡಬೇಕೆಂದಿದ್ದೆ. ಕೈ ಬರುತ್ತಿಲ್ಲ. ಪರದೆಯ ವಿಷಯ ನೀನು ನೋಡಿದ್ದೀಯ ಎಂದು ನನಗೆ ಗೊತ್ತಿರಲಿಲ್ಲ. ಅವತ್ತು ನಾನು ಗಾಳಿಗೆಂದೇ ಸರಿಸಿದ್ದು ಎಂದು ಹೇಳಿಕೊಂಡು ಬಂದಿದ್ದೇನೆ, ನನಗೆ ನಾನೇ.

ಅಪ್ಪ


ಅಕ್ಟೋಬರ್ ೨೧

ಪ್ರೀತಿಯ ಗುಬ್ಬಿ,

ಅಕ್ಕ ಅನ್ನಬಹುದು. ನನ್ನನ್ನು ಯಾರೂ ಹಾಗೆ ಕರೆಯುವವರಿಲ್ಲ. ಉತ್ತರ ಇಷ್ಟು ತಡವಾದದ್ದಕ್ಕೆ ಬೇಸರ ಮಾಡಿಕೊಳ್ಳಬೇಡಿ.

ನಾನು ಕಥೆ ಬರೆಯುವವಳಲ್ಲ. ಆ ಅಂಗಿ ನಮ್ಮ ಮನೆಯದು. ನಿಮ್ಮ ಸರ್ ನನ್ನ ಅಪ್ಪ. ನಿಮಗೆ ಗೊತ್ತಿರಲಿಲ್ಲ, ಆದ್ದರಿಂದ ನಿಮ್ಮದೇನೂ ತಪ್ಪಿಲ್ಲ. ಓದಿ ಹೆದರಬೇಡಿ.

ಮೊನ್ನೆ ಅವರು ಇಲ್ಲಿಗೆ ಬಂದಿದ್ದರು. ಮನೆಗಲ್ಲ, ಆಸ್ಪತ್ರೆಗೆ. ಹೇಳದೆ ಕೇಳದೆ ಬಂದು, ಉಳಿದ ರೋಗಿಗಳ ಜೊತೆ ಚೀಟಿ ತೆಗೆದುಕೊಂಡು, ಬೆಂಚಿನ ತುದಿಯಲ್ಲಿ ಕೂತಿದ್ದರು. ಸರದಿ ಬಂದಾಗ ಎದ್ದು ಬಂದರು. "ಏನು ತೊಂದರೆ?" ಎಂದು ಎಲ್ಲರನ್ನೂ ಕೇಳುವ ಹಾಗೇ ಕೇಳಿದೆ. "ಮಗಳು ಹೇಳೋದು ಸರಿಯಾಗಿ ಕೇಳ್ಸಲ್ಲ" ಅಂದರು. ತಮ್ಮ ಮಾತನ್ನು ತಾವೇ ಸ್ವಲ್ಪ ಮೆಚ್ಚಿಕೊಂಡರು, ಅದು ಮುಖದಲ್ಲಿ ಕಂಡಿತು. ನಾನು ನಗಲಿಲ್ಲ. ಗಾಜಿನ ಕೋಣೆಯಲ್ಲಿ ಕೂರಿಸಿ ಹೆಡ್‌ಫೋನ್ ಹಾಕಿದೆ.

ಪ್ರತಿ ಸದ್ದಿಗೂ ಕೈ ಎತ್ತಿದರು. ತೀರಾ ಸಣ್ಣ ಸದ್ದಿಗೂ. ನನಗೆ ಅನುಮಾನ ಬಂತು. ನೋಡಿದರೆ ಅವರ ಕಣ್ಣು ನನ್ನ ಭುಜದ ಮೇಲಿದೆ. ಗುಂಡಿ ಒತ್ತುವಾಗ ಭುಜ ಒಂದು ಎಳೆಯಷ್ಟು ಅಲುಗುತ್ತದಲ್ಲ, ಅದನ್ನು ನೋಡಿ ಕೈ ಎತ್ತುತ್ತಿದ್ದರು. ಜೀವಮಾನವೆಲ್ಲ ಜನರನ್ನು ನೋಡಿ ನೋಡಿ ಬಂದ ವಿದ್ಯೆ. ನಾನು ಕುರ್ಚಿ ತಿರುಗಿಸಿ ಅವರಿಗೆ ಬೆನ್ನು ಹಾಕಿ ಕೂತೆ.

ಎದುರಿನ ಬೀರುವಿನ ಗಾಜಿನಲ್ಲಿ ಅವರು ಮಸುಕಾಗಿ ಕಾಣುತ್ತಿದ್ದರು. ಸದ್ದು ಕಳಿಸಿದೆ. ಕೈ ಏಳಲಿಲ್ಲ. ಇನ್ನೊಂದು ಕಳಿಸಿದೆ. ಏಳಲಿಲ್ಲ. ಸುಮ್ಮನಿದ್ದೆ, ಆಗಲೂ ಏಳಲಿಲ್ಲ. ಎರಡು ಕೈಯನ್ನೂ ತೊಡೆಯ ಮೇಲಿಟ್ಟುಕೊಂಡು, ಏನೂ ತೋಚದೆ ಕೂತಿದ್ದರು. ನಮ್ಮಪ್ಪ ಏನನ್ನೂ ಮಾಡದೆ ಸುಮ್ಮನೆ ಕೂತದ್ದನ್ನು ಅವತ್ತೇ ನಾನು ನೋಡಿದ್ದು.

ಗುಬ್ಬಿ, ಅವರಿಗೆ ತೆಳುವಾದ ದನಿಗಳು ಕೇಳಿಸುವುದೇ ಇಲ್ಲ. ಎಷ್ಟು ವರ್ಷದಿಂದಲೋ. ನಿಮ್ಮ ದನಿ ಎರಡನೆಯ ಸಾಲು ದಾಟುವುದಿಲ್ಲ ಎಂದರಂತಲ್ಲ, ಅದು ನಿಮ್ಮ ದನಿಯ ದೋಷವಾಗಿರಲಾರದು. ಫೋನಿನಲ್ಲಿ ನನ್ನ ಮಾತಿನ ನಡುವೆ ಬಾಯಿ ಹಾಕುತ್ತಿದ್ದದ್ದೂ ಅದಕ್ಕೇ ಇರಬಹುದು. ಎಲ್ಲವೂ ಅದಕ್ಕೇ ಎಂದು ನಾನು ಹೇಳುತ್ತಿಲ್ಲ.

ಹೊರಗೆ ಬಂದು ಏನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಮುಂದಿನವರು ಒಳಗೆ ಬಂದರು. ಕಿವಿಗೆ ಹಾಕುವ ಯಂತ್ರಕ್ಕೆ ಚೀಟಿ ಬರೆದುಕೊಟ್ಟೆ. ಮಡಚಿ ಜೇಬಿಗೆ ಹಾಕಿಕೊಂಡು ಹೊರಟುಹೋದರು.

ಇನ್ನು ನಿಮ್ಮ ಪ್ರಶ್ನೆ, ಅವನು ವಾಪಸು ಬರಲಿ ಅಂತ ಇತ್ತಾ ಎಂದು. ಇತ್ತು. ಅವನು ತಿರುಗಿ ನೋಡಿದ್ದರೆ ಸಾಕಿತ್ತು. ಅಂಗಿ ಮುದ್ದೆ ಮಾಡಿದಾಗಲೂ ಇತ್ತು, ಬೂಟಿನ ದಾರ ನೋಡುತ್ತಿದ್ದಾಗಲೂ ಇತ್ತು, ಈಗ ಇದನ್ನು ಬರೆಯುವಾಗಲೂ ಇದೆ. ಇದನ್ನು ಕೇಳಿದವರು ನೀವೊಬ್ಬರೇ, ಅದಕ್ಕೆ ಹೇಳುತ್ತಿದ್ದೇನೆ. ದೃಶ್ಯ ಮಾಡುವುದು, ಬಿಡುವುದು ನಿಮಗೆ ಬಿಟ್ಟದ್ದು. ಮಾಡಿದರೆ ನನಗೆ ಕೋಪವಿಲ್ಲ. ಆದರೆ ಈ ಉತ್ತರವನ್ನು ನಿಮ್ಮ ಸರ್‌ಗೆ ಹೇಳಬೇಡಿ. ಬೇಕಿದ್ದರೆ ಅವರೇ ನನ್ನನ್ನು ವಿಚಾರಿಸಲಿ.

ನಿಮ್ಮ ಅಪ್ಪನಿಗೆ ಒಂದೆರಡು ಅಂಗಿಯಾದರೂ ಉಳಿಸಿ.

ನಿಮ್ಮ,
ಅಕ್ಕ


ನವೆಂಬರ್ ೯

ಮರೀ,

ಈ ಕಾಗದವನ್ನು ಹಿಂದೆಯೂ ಬರೆದು ಹರಿದಿದ್ದೇನೆ. ಚೆನ್ನಾಗಿ ಬಂದಿತ್ತು. ಅದಕ್ಕೇ ಹರಿದೆ.

ನೀನು ಬರೆದುಕೊಟ್ಟ ಯಂತ್ರ ಕಿವಿಯಲ್ಲಿದೆ. ಕೆಳಗಿನ ಡ್ರೈವಿಂಗ್ ಶಾಲೆಯ ಹಾರ್ನುಗಳೆಲ್ಲ ನನ್ನ ತಲೆಯೊಳಗೇ ಬಂದು ನಿಂತಿವೆ. ಮೊದಲ ದಿನ ತರಗತಿಯಲ್ಲಿ ಗುಬ್ಬಿ ಮಾತಾಡಿದಳು. ಕೊನೆಯ ಬೆಂಚಿನಲ್ಲಿ ಕೂತಿದ್ದೆ, ಚೆನ್ನಾಗಿಯೇ ಕೇಳಿಸಿತು. "ನೀನು ಯಾವಾಗಿಂದ ಇಷ್ಟು ಜೋರಾಗಿ ಮಾತಾಡ್ತೀಯೇ?" ಅಂದೆ. ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಖಳನಾಯಕ ಹೇಳಿದ: "ಸರ್, ಅವಳು ಮೊದಲಿಂದ್ಲೂ ಹೀಗೇ."

ಪ್ರದರ್ಶನದ ಹಿಂದಿನ ದಿನ ಅವಳನ್ನು ಕರೆದು, ಅಂಗಿಯ ದೃಶ್ಯ ಬೇಡ, ಬೇರೆ ಏನಾದರೂ ಮಾಡು ಅಂದೆ. "ಮಾಡ್ತೀನಿ ಸರ್, ನನಗೆ ಬಿಡಿ" ಅಂದಳು. ಬಾಗಿಲಿನ ಭಾಗವನ್ನು ತಾನೇ ಕೈಬಿಟ್ಟಿದ್ದೇನೆ ಅಂದಳು. ಯಾಕೆ ಎಂದು ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ.

ನನ್ನ ಹಳೆಯ ಸಹಾಯಕ ಮುಂದಿನ ಸಾಲಿನಲ್ಲಿ ವಾಹಿನಿಯವರನ್ನು ಕೂರಿಸಿಕೊಂಡು ಕಾಯುತ್ತಿದ್ದ. ಗುಬ್ಬಿ ಬಂದಳು. ಮಂಚವನ್ನು ತಿರುಗಿಸಿ ಹಾಕಿಸಿದ್ದಳು. ನಮಗೆ ಪೂರ್ತಿ ಬೆನ್ನು ಹಾಕಿ ಕೂತು, ಮಡಚಿದಳು, ಬಿಚ್ಚಿದಳು, ಮುದ್ದೆ ಮಾಡಿದಳು. ಮೊದಲಿಂದ ಕೊನೆಯವರೆಗೆ ಮುಖ ಕಾಣಲೇ ಇಲ್ಲ. ನೋಡುವವರಿಗೆ ಬೆನ್ನು ಹಾಕಬಾರದು ಎಂಬುದು ನಾನು ಕಲಿಸಿದ ಮೊದಲ ಪಾಠ. "ಇದೇನ್ ಸರ್, ಮುಖಾನೇ ಇಲ್ವಲ್ಲ! ಬೆನ್ನನ್ನ ಕ್ಲೋಸಪ್ ತೆಗೆಯೋಕಾಗುತ್ತಾ?" ಎಂದು ಅವನು ಹಿಂದಕ್ಕೆ ತಿರುಗಿ ಪಿಸುಗುಟ್ಟಿದ. ಅದೂ ಕೇಳಿಸಿತು. ವಾಹಿನಿಯವರು ಮುಗಿಯುವ ಮೊದಲೇ ಎದ್ದರು. ಹೋಗಲಿ.

ಒಂದು ಸಲ, ಒಂದೇ ಸಲ, ನಾನೂ ಎದ್ದು ಪಕ್ಕಕ್ಕೆ ಹೋಗಿ ಅವಳ ಮುಖ ನೋಡೋಣ ಎಂದುಕೊಂಡೆ. ಪಕ್ಕದ ಬಾಗಿಲಿನಿಂದ ಕಾಣುತ್ತಿತ್ತು. ಅಭ್ಯಾಸ ಬಲ, ಕಾಲು ಎದ್ದೇಬಿಟ್ಟಿತ್ತು. ಕುರ್ಚಿಯ ಕೈ ಹಿಡಿದು ಕೂತೆ. ಅವಳ ಮುಖದಲ್ಲಿ ಏನಿತ್ತೋ ನನಗೆ ಗೊತ್ತಿಲ್ಲ. ಅವಳಿಗೆ ಯಾವುದೋ ಒಂದು ಗೊತ್ತಿತ್ತು, ಅಷ್ಟು ಬೆನ್ನಿನಲ್ಲೇ ತಿಳಿಯಿತು.

ಅಂಗಿಯ ಬಣ್ಣ ಕೇಳಿದೆ, ಗುಂಡಿ ಕೇಳಿದೆ, ಬೆಳಕು ಯಾವ ಕಡೆಯಿಂದ ಎಂದೂ ಕೇಳಿದೆ. ತರಗತಿಯಲ್ಲಿ ಗುಬ್ಬಿ ಒಂದು ಪ್ರಶ್ನೆ ಎತ್ತಿದ್ದಳು, ಅದು ಬರೆದವರ ತಲೆನೋವು ಎಂದು ಗದರಿ ಕೂರಿಸಿದ್ದೆ. ಇವತ್ತು ಆ ಪ್ರಶ್ನೆಯನ್ನೂ ಅವಳಿಂದಲೇ ತೆಗೆದುಕೊಳ್ಳುತ್ತಿದ್ದೇನೆ. ನನ್ನದು ಎನ್ನುವುದು ಏನೂ ಇಲ್ಲ, ನೋಡು.

ಅವನು ವಾಪಸು ಬರಲಿ ಅಂತ ನಿನಗೆ ಇತ್ತಾ?

ಉತ್ತರ ಬರೆಯಬೇಡ. ಬರೆದರೆ ನನ್ನ ಕೈಗೆ ಬರುತ್ತದೆ. ಈ ಕೈಯನ್ನು ನಾನೇ ನಂಬುವುದಿಲ್ಲ. ಶನಿವಾರ ಬರುತ್ತೇನೆ. ಆಸ್ಪತ್ರೆಗಲ್ಲ, ಮನೆಗೆ. ಬಾಗಿಲು ತೆಗೆಯುವ ಮನಸ್ಸಾದರೆ ತೆಗೆ. ಬಾಯಲ್ಲಿ ಹೇಳು. ಬೇಕಿದ್ದರೆ ನನಗೆ ಬೆನ್ನು ಹಾಕಿ ಕೂತು ಹೇಳು. ಎಡಗಿವಿಗೆ ಇನ್ನೂ ಪೂರ್ತಿ ಒಗ್ಗಿಲ್ಲ, ಒಂದೇ ಸಲಕ್ಕೆ ಕೇಳಿಸದಿದ್ದರೆ ಕೇಳಿಸಲಿಲ್ಲ ಅನ್ನುತ್ತೇನೆ. ಆಗ ಇನ್ನೊಂದು ಸಲ ಹೇಳು.

ಅಪ್ಪ